ರೊಟ್ಟಿಯೋ, ಪ್ಯಾಕೆಟ್ಟೋ?

ಹಗರಿಬೊಮ್ಮನಹಳ್ಳಿಯಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ನೋಟ್‌ಬುಕ್ಕಿನ ಹಾಳೆ ಹರಿದು ಎರಡೂ ಬದಿ ತುಂಬಿಸಿದ್ದಾಳೆ. “ಅಜ್ಜಾ, ನಮ್ಮ ಮನಿಗೆ ನಾಯಿಮರಿ ತಂದೀವಿ. ಒಂದೂವರೆ ತಿಂಗಳದ್ದು. ನಮ್ಮಜ್ಜಿ ಹಾಲಿನಾಗ ರೊಟ್ಟಿ ನೆನಸಿ ಹಾಕ್ತಾಳ, ನಮ್ಮ ಕಾಲದಾಗ ಎಲ್ಲಾ ನಾಯಿ ಹಿಂಗ ಬೆಳದಾವು ಅಂತಾಳ. ನಮ್ಮಪ್ಪ ಪ್ಯಾಕೆಟ್ ತಂದು ಹಾಕ್ತಾನ. ಮರಿಗೆ ಎರಡು ದಿನದಿಂದ ಭೇದಿ. ನಾನು ಯಾರ ಮಾತು ಕೇಳ್ಲಿ?”

ಪತ್ರಿಕೆಯಲ್ಲಿ ಉತ್ತರ ಬರುವ ತನಕ ಕಾಯುವ ವಿಷಯ ಇದಲ್ಲ. ಎಳೆಯ ಮರಿಗೆ ಭೇದಿ ಹತ್ತಿದರೆ ಮೈಯ ನೀರು ಬೇಗ ಬಸಿದುಹೋಗುತ್ತದೆ. ಪತ್ರದ ಕೆಳಗೆ ಅವರ ಅಪ್ಪನ ನಂಬರ್ ಇತ್ತು, ಅಂದೇ ಫೋನ್ ಮಾಡಿ “ಮೊದಲು ದನದ ಆಸ್ಪತ್ರೆಗೆ ಒಯ್ಯಿರಿ” ಎಂದೆ. ಒಯ್ದರು. ಡಾಕ್ಟರು ಜಂತುಹುಳುವಿನ ಔಷಧಿ ಕೊಟ್ಟು, ಹಾಲು ನಿಲ್ಲಿಸಲು ಹೇಳಿದರಂತೆ. ಮರಿ ಈಗ ಚೆನ್ನಾಗಿದೆ, ಅಜ್ಜಿಯ ಚಪ್ಪಲಿ ಕಡಿಯುತ್ತಿದೆ. ಇನ್ನು ನಿಧಾನವಾಗಿ ಮಾತಾಡಬಹುದು.

ಮಕ್ಕಳೇ, ನಾನೂ ಒಂದು ನಾಯಿ ಕಳೆದುಕೊಂಡವನು. ಅದರ ಹೆಸರು ಬೂದ. ಕೊಟ್ಟೂರಿನ ನಮ್ಮ ಮನೆ ಕಟ್ಟೆಯ ಮೇಲೆ ಆರು ವರ್ಷ ಮಲಗಿದ ನಾಯಿ. ಒಂದು ವರ್ಷ ನಮ್ಮ ಮನೆಯಲ್ಲಿ ಒಂದು ಕಾರ್ಯ ಇತ್ತು. ಮುಗಿದ ಮೇಲೆ ಈರುಳ್ಳಿ ಬಜ್ಜಿ, ಈರುಳ್ಳಿ ಹುಳಿ, ಒಗ್ಗರಣೆ ಮಂಡಕ್ಕಿ ಬುಟ್ಟಿಗಟ್ಟಲೆ ಉಳಿದವು. ಚೆಲ್ಲಲು ಮನಸ್ಸು ಬರಲಿಲ್ಲ. ಎರಡು ದಿನ ಅದನ್ನೇ ಬೂದನಿಗೆ ಸುರಿದೆ, ಅದೂ ಬಾಲ ಅಲ್ಲಾಡಿಸುತ್ತ ತಿಂದಿತು. ನಾಲ್ಕನೇ ದಿನ ಎದ್ದು ನಿಲ್ಲಲಿಲ್ಲ. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಹಾಗೆ ಬಿಳಿ. ಮೂತ್ರ ಚಹಾದ ಬಣ್ಣ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ “ಏನು ತಿನ್ನಿಸಿದ್ರಿ ಮೇಷ್ಟ್ರೇ?” ಎಂದು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಇರುವ ಕೆಲವು ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಕರಿದರೂ ಆ ಗುಣ ಹೋಗುವುದಿಲ್ಲ, ಲಕ್ಷಣ ಕಾಣುವುದು ಎಷ್ಟೋ ಸಲ ಮೂರು-ನಾಲ್ಕು ದಿನಗಳ ನಂತರ ಎಂದರು. ಬೂದ ಉಳಿಯಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು.

ಅದಕ್ಕೇ ಈ ಪತ್ರಕ್ಕೆ ಉದ್ದನೆಯ ಉತ್ತರ ಬರೆಯುತ್ತಿದ್ದೇನೆ.

ಮೊದಲು ಅಜ್ಜಿಯ ಮಾತು. ಅಜ್ಜಿ ಹೇಳುವುದು ಸುಳ್ಳಲ್ಲ. ನಾಯಿ ಮಾಂಸ ಮಾತ್ರ ತಿನ್ನುವ ಪ್ರಾಣಿ ಎಂದು ಹಲವರು ತಿಳಿದಿದ್ದಾರೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋಳ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ರಸ ತಯಾರಿಸುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹಲವು ಪಟ್ಟು ಹೆಚ್ಚಿದ್ದವು. ಮನುಷ್ಯ ಬೇಸಾಯ ಕಲಿತ ಮೇಲೆ ಅವನ ಒಲೆಯ ಪಕ್ಕದಲ್ಲೇ ಬಿದ್ದುಕೊಂಡು ನಾಯಿಯ ಹೊಟ್ಟೆಯೂ ಕಾಳು-ಕಡಿಗೆ ಒಗ್ಗಿತು. ಹಾಗಾಗಿ ನಮ್ಮ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆ ಅನ್ನ, ಸಂಗಟಿ ನಾಯಿಗೆ ಪರಕೀಯವಲ್ಲ.

ಆದರೆ ಅಜ್ಜಿ ಒಂದು ಮಾತು ಮರೆತಿದ್ದಾರೆ. ಆ ಕಾಲದ ನಾಯಿ ರೊಟ್ಟಿಯೊಂದನ್ನೇ ತಿಂದು ಬೆಳೆಯಲಿಲ್ಲ. ಹೊಲದಲ್ಲಿ ಇಲಿ ಹಿಡಿಯುತ್ತಿತ್ತು, ಓತಿಕ್ಯಾತ ಅಟ್ಟಿಸಿಕೊಂಡು ಹೋಗುತ್ತಿತ್ತು, ಇನ್ನೂ ಏನೇನೋ ತಿನ್ನುತ್ತಿತ್ತು, ಬರೆಯುವುದು ಬೇಡ. ಬದುಕಿದ ನಾಯಿಗಳನ್ನು ಮಾತ್ರ ನಾವು ನೆನಪಿಟ್ಟಿದ್ದೇವೆ. ಸತ್ತ ಮರಿಗಳ ಲೆಕ್ಕ ಯಾರೂ ಇಡಲಿಲ್ಲ. ಗೇಟಿನೊಳಗೆ ಕಟ್ಟಿಹಾಕಿದ ಮರಿಗೆ ಬರೀ ರೊಟ್ಟಿ ಹಾಕಿದರೆ ಹೊಟ್ಟೆ ತುಂಬುತ್ತದೆ, ಎಲುಬು-ಮಾಂಸ ಬೆಳೆಯುವುದಿಲ್ಲ. ಕಾಲು ಬಿಲ್ಲಿನಂತೆ ಬಾಗಿದ ಮರಿಗಳನ್ನು ನೀವು ನೋಡಿರಬಹುದು.

ಹಾಲಿನ ವಿಷಯವೂ ಅಷ್ಟೇ. ತಾಯಿನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಹೆಚ್ಚು, ಸಕ್ಕರೆ ಅಂಶ ಕಡಿಮೆ. ಹಸು-ಎಮ್ಮೆ ಹಾಲಿನ ಸಕ್ಕರೆಯನ್ನು ಅರಗಿಸಲಾರದೆ ಎಷ್ಟೋ ಮರಿಗಳಿಗೆ ಭೇದಿ ಹತ್ತುತ್ತದೆ. ನೀರು ಹೆಚ್ಚು ಹಾಕಿದ ತಿಳಿ ಮಜ್ಜಿಗೆ ಬಹಳ ನಾಯಿಗಳಿಗೆ ಒಗ್ಗುತ್ತದೆ, ಉಪ್ಪು-ಒಗ್ಗರಣೆ ಇರಬಾರದು ಅಷ್ಟೆ. ಇನ್ನೊಂದು ಮಾತು, ಮರಿಯನ್ನು ಎರಡು ತಿಂಗಳಾಗುವ ತನಕ ತಾಯಿಯಿಂದ ಬಿಡಿಸಬಾರದು. ಈ ಸಲ ತಂದಾಗಿದೆ, ಬೈಯುವುದಿಲ್ಲ. ಮುಂದಿನ ಸಲ ನೆನಪಿರಲಿ.

ಈಗ ಅಪ್ಪನ ಪ್ಯಾಕೆಟ್. ಇದರ ಕಥೆ ಸ್ವಾರಸ್ಯವಾಗಿದೆ. ಸುಮಾರು 1860ರಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು ಲಂಡನ್ನಿನಲ್ಲಿದ್ದಾಗ, ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ಬೀದಿನಾಯಿಗಳು ಮುಗಿಬಿದ್ದು ತಿನ್ನುವುದನ್ನು ನೋಡಿ ನಾಯಿ ಬಿಸ್ಕತ್ತು ಮಾಡಿ ಮಾರಿದನಂತೆ. ಅಲ್ಲಿಂದ ಶುರುವಾದ ವ್ಯಾಪಾರ ಈಗ ನಮ್ಮ ಕೊಟ್ಟೂರಿನ ಅಂಗಡಿಯ ತನಕ ಬಂದಿದೆ. ಮರಿಗೆಂದೇ ಮಾಡಿದ ಒಳ್ಳೆಯ ಪ್ಯಾಕೆಟ್‌ನಲ್ಲಿ ಸುಣ್ಣದ ಅಂಶ, ಪ್ರೋಟೀನು ಲೆಕ್ಕ ಹಾಕಿ ಬೆರೆಸಿರುತ್ತಾರೆ. ಅದು ಅನುಕೂಲ. ಆದರೆ ದೊಡ್ಡ ನಾಯಿಯ ಪ್ಯಾಕೆಟ್ ಮರಿಗೆ ತರಬೇಡಿ. ಅಂಗಡಿಯವರು ತೆರೆದ ಚೀಲದಿಂದ ತೂಗಿ ಕೊಡುವುದನ್ನೂ ತರಬೇಡಿ. ಗಾಳಿಗೆ ಕೆಟ್ಟಿರುತ್ತದೆ, ತಾರೀಖೂ ತಿಳಿಯುವುದಿಲ್ಲ.

ಪ್ಯಾಕೆಟ್ಟಿನ ಹಿಂದೆ ಒಂದು ಪಟ್ಟಿ ಇರುತ್ತದೆ. ಇಷ್ಟು ತೂಕದ ಮರಿಗೆ ಇಷ್ಟು ಗ್ರಾಂ ಎಂದು. ಅದು ಸಾಮಾನ್ಯವಾಗಿ ಇಡೀ ದಿನದ ಲೆಕ್ಕ, ಒಂದು ಹೊತ್ತಿನದಲ್ಲ. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಪಟ್ಟಿಯಲ್ಲಿ 120 ಗ್ರಾಂ ಎಂದಿದ್ದು, ನೀನು ದಿನಕ್ಕೆ ನಾಲ್ಕು ಸಲ ಹಾಕುವುದಾದರೆ ಒಂದು ಸಲಕ್ಕೆ 30 ಗ್ರಾಂ. ಭಾಗಾಕಾರ ಬರುತ್ತದಲ್ಲ? ಮರಿಯ ತೂಕ ತಿಳಿಯಲು ಅದನ್ನು ಕೈಚೀಲದಲ್ಲಿ ಕೂರಿಸಿ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಡು. ಅಂಗಡಿಯವರು ನಗುತ್ತಾರೆ, ನಗಲಿ.

ಅಂದರೆ ಅಜ್ಜಿ-ಅಪ್ಪ ಇಬ್ಬರದೂ ಅರ್ಧ ಅರ್ಧ ಸರಿ. ತಪ್ಪಾದದ್ದು ಇಬ್ಬರೂ ಒಂದೇ ದಿನ ತಮ್ಮ ತಮ್ಮದನ್ನು ಹಾಕಿದ್ದು. ನಾಯಿಯ ಹೊಟ್ಟೆ ದಿಢೀರ್ ಬದಲಾವಣೆ ತಾಳುವುದಿಲ್ಲ. ಹೊಸ ಆಹಾರ ಕೊಡುವುದಿದ್ದರೆ ಮೊದಲ ಎರಡು-ಮೂರು ದಿನ ಮುಕ್ಕಾಲು ಹಳೆಯದು, ಕಾಲು ಹೊಸದು. ಆಮೇಲೆ ಅರ್ಧ ಅರ್ಧ. ಹೀಗೆ ಏಳರಿಂದ ಹತ್ತು ದಿನ ಹಿಡಿಯಬೇಕು. ನನ್ನನ್ನು ಕೇಳಿದರೆ, ಮರಿ ಬೆಳೆಯುವ ತನಕ ಪ್ಯಾಕೆಟ್ ಮುಖ್ಯವಾಗಿರಲಿ, ಮನೆಯದು ಸ್ವಲ್ಪ ಇರಲಿ. ದೊಡ್ಡದಾದ ಮೇಲೆ ಮನೆಯ ಊಟವೇ ಸಾಕು, ಅದಕ್ಕೆ ಮೊಟ್ಟೆ, ಬೇಳೆ ಸೇರಬೇಕು. ಮನೆಯ ಊಟವನ್ನೇ ಹಾಕುವವರು ಸುಣ್ಣದ ಅಂಶದ ಪುಡಿ ಬೇಕೇ, ಎಷ್ಟು ಬೇಕು ಎಂದು ಡಾಕ್ಟರನ್ನು ಕೇಳಿ. ನೀವೇ ಚಮಚಗಟ್ಟಲೆ ಹಾಕಬೇಡಿ, ಹೆಚ್ಚಾದರೂ ಕೆಡುಕೇ.

ಹೊತ್ತಿನ ಲೆಕ್ಕ ಹೀಗಿದೆ. ಮೂರು ತಿಂಗಳ ತನಕ ದಿನಕ್ಕೆ ನಾಲ್ಕು ಸಲ, ಆರು ತಿಂಗಳ ತನಕ ಮೂರು ಸಲ, ಆಮೇಲೆ ಎರಡೇ ಸಲ. ನಮ್ಮ ಮನೆಯಲ್ಲಿ ಈಗಿರುವ ಕೆಂಚ ಸುಮಾರು ಹದಿನೈದು ಕಿಲೋ ಇದೆ. ಬೆಳಿಗ್ಗೆ ಏಳಕ್ಕೆ ಒಂದು ಜೋಳದ ರೊಟ್ಟಿ ಮುರಿದು, ಉಪ್ಪು-ಖಾರ ಹಾಕದೆ ಬೇಯಿಸಿದ ಹೆಸರುಬೇಳೆಯಲ್ಲಿ ಕಲಸಿ ಹಾಕುತ್ತೇನೆ. ಸಂಜೆ ಏಳಕ್ಕೆ ಇನ್ನೊಂದೂವರೆ ರೊಟ್ಟಿ, ಬೇಳೆ, ಒಂದು ಬೇಯಿಸಿದ ಮೊಟ್ಟೆ. ನಮ್ಮದು ಮೊಟ್ಟೆ ತಿನ್ನುವ ಮನೆಯಲ್ಲ. ನಮ್ಮವಳು ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಾಳೆ, ಬೇಯಿಸುವ ಕೆಲಸ ಮಾತ್ರ ನನ್ನದೇ. ಹದಿನೈದು-ಇಪ್ಪತ್ತು ನಿಮಿಷದಲ್ಲಿ ತಿಂದರೆ ಸರಿ, ಇಲ್ಲದಿದ್ದರೆ ತಟ್ಟೆ ಎತ್ತಿಬಿಡುತ್ತೇನೆ. ನೀರಿನ ಬೋಗುಣಿ ಮಾತ್ರ ಸದಾ ತುಂಬಿರುತ್ತದೆ. ನಮ್ಮ ಕಡೆಯ ಬೇಸಿಗೆ ನಿಮಗೇ ಗೊತ್ತು. ನಡು ಮಧ್ಯಾಹ್ನ ಊಟ ಹಾಕಿದರೆ ನಾಯಿ ಮೂಸಿಯೂ ನೋಡುವುದಿಲ್ಲ, ಬೇಳೆ ಎರಡು ತಾಸಿನಲ್ಲಿ ಹಳಸುತ್ತದೆ.

ಸಾಕೋ ಬೇಕೋ ಎಂದು ತಿಳಿಯುವುದು ಹೇಗೆ? ನಾಯಿಯ ಮುಖ ನೋಡಬೇಡಿ, ಅದು ಯಾವಾಗಲೂ ಹಸಿದವರ ಮುಖವನ್ನೇ ಮಾಡುತ್ತದೆ. ಪಕ್ಕೆಯ ಮೇಲೆ ಅಂಗೈ ಇಟ್ಟು ಸವರಿ. ಪಕ್ಕೆಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಸಣ್ಣಗಿರಬೇಕು. ಮುಧೋಳ ನಾಯಿ ಇದ್ದವರು ಮಾತ್ರ ಗಾಬರಿಯಾಗಬೇಕಿಲ್ಲ, ಅದರ ಮೈಕಟ್ಟೇ ತೆಳ್ಳಗೆ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಸ್ಟಾಂಪ್ ಕೂಡಿಡುವ ಮಕ್ಕಳು ಹುಡುಕಿ ನೋಡಿ, ಆ ನಾಯಿಯ ಹೊಟ್ಟೆ ಎಷ್ಟು ಒಳಗೆ ಸೇದಿಕೊಂಡಿದೆ ಎಂದು.

ಕೂಡ್ಲಿಗಿ ಕಡೆ ಕುರಿ ಮೇಯಿಸುವ ಹಿರಿಯರೊಬ್ಬರು ನನಗೆ ಪರಿಚಯ. ಅವರ ಹಟ್ಟಿಯಲ್ಲಿ ನಾಲ್ಕು ನಾಯಿ. ರಾತ್ರಿ ಅವಕ್ಕೆ ಅರೆಹೊಟ್ಟೆ, ಬೆಳಿಗ್ಗೆ ಪೂರ್ತಿ. ಯಾಕೆ ಎಂದು ಕೇಳಿದೆ. “ರಾತ್ರಿ ಹೊಟ್ಟಿ ಬಿರಿಯ ಹಾಕಿದ್ರ ಮಲಗಿಬಿಡ್ತಾವ ಮೇಷ್ಟ್ರೇ, ತ್ವಾಳ ಬಂದ್ರೂ ಏಳಂಗಿಲ್ಲ” ಎಂದರು. ಕಾವಲುನಾಯಿಗೆ ಅವರ ಲೆಕ್ಕ ಅವರದು.

ಆದರೆ ಅವರ ಹಟ್ಟಿಯಲ್ಲೇ ಇನ್ನೊಂದು ನೋಡಿದೆ. ಒಂದು ಕುರಿ ತಲೆ ಓರೆ ಮಾಡಿಕೊಂಡು ಒಂದೇ ಕಡೆ ಗಿರಗಿರ ತಿರುಗುತ್ತಿತ್ತು. “ಹಿಂಗ ತಿರಗಿದ್ದನ್ನ ಕೊಯ್ದು, ತಲಿ ನಾಯಿಗೆ ಒಗದುಬಿಡ್ತೀವಿ” ಎಂದರು. ನನಗೆ ಜೀವ ಝಲ್ಲೆಂದಿತು. ಆ ಕುರಿಯ ಮಿದುಳಿನಲ್ಲಿ ಇರುವುದು ಲಾಡಿಹುಳುವಿನ ಮರಿಗಳು ತುಂಬಿದ ನೀರುಗುಳ್ಳೆ ಆಗಿರಬಹುದು. ಅದನ್ನು ನಾಯಿ ತಿಂದರೆ ಕರುಳಿನಲ್ಲಿ ಹುಳು ಬೆಳೆಯುತ್ತದೆ, ಮೊಟ್ಟೆಗಳು ನಾಯಿಯ ಹೇಲಿನೊಡನೆ ಹುಲ್ಲಿಗೆ ಬೀಳುತ್ತವೆ, ಆ ಹುಲ್ಲು ಮೇಯ್ದ ಇನ್ನೊಂದು ಕುರಿ ತಿರುಗತೊಡಗುತ್ತದೆ. ಕುರಿಯ ಈಲಿ, ಶ್ವಾಸಕೋಶದಲ್ಲಿ ಕಾಣುವ ನೀರುಗುಳ್ಳೆಗಳ ಹುಳು ಇನ್ನೊಂದು ಜಾತಿಯದು. ಅದು ನಾಯಿಯಿಂದ ಮನುಷ್ಯರಿಗೂ ಬರುತ್ತದೆ. ಹೊಟ್ಟೆಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ನಾಯಿಗೆ ಹಸಿ ತಲೆ, ಹಸಿ ಈಲಿ ಹಾಕದಿರುವುದು, ಡಾಕ್ಟರು ಹೇಳಿದ ಹಾಗೆ ತಪ್ಪದೆ ಹುಳುವಿನ ಔಷಧಿ ಕೊಡುವುದು, ನಾಯಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಇವಿಷ್ಟರಿಂದ ಆ ಸರಪಳಿ ಕಡಿಯುತ್ತದೆ. ಹಿರಿಯರು ಕೇಳಿಸಿಕೊಂಡು “ನಮ್ಮಪ್ಪನೂ ಹಂಗ ಒಗೀತಿದ್ದ” ಎಂದರು. ಮುಂದಿನ ಸಲ ಹೋದಾಗ ತಲೆಯನ್ನು ಆಳವಾಗಿ ಹೂತದ್ದನ್ನು ನನ್ನನ್ನು ಕರೆದೊಯ್ದು ತೋರಿಸಿದರು.

ಬೇಯಿಸಿದ ಕೋಳಿ ಎಲುಬು ಸಹ ಬೇಡ. ಬೆಂದ ಎಲುಬು ಸೂಜಿಯಂತೆ ಸೀಳಿ ಗಂಟಲು, ಕರುಳು ಚುಚ್ಚುತ್ತದೆ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ ಬೇಡವೇ ಬೇಡ. ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆ, ಅಜ್ಜಿಯರು ಗಮನಿಸಬೇಕು. ಉಪ್ಪಿನಕಾಯಿ, ಮಿರ್ಚಿಯೂ ಬೇಡ. ಕೊಟ್ಟೂರು ತೇರಿಗೆ ಪಾದಯಾತ್ರೆ ಬರುವವರ ಹಿಂದೆ ನಾಯಿಗಳೂ ನಡೆದು ಬರುತ್ತವೆ. ಪ್ರೀತಿಯಿಂದ ಅವಕ್ಕೆ ಮಂಡಕ್ಕಿ ಮಿರ್ಚಿ ಎಸೆಯುವವರನ್ನು ಕಂಡರೆ ಈಗಲೂ ಓಡಿಹೋಗಿ ತಡೆಯುತ್ತೇನೆ.

ಹರಪನಹಳ್ಳಿಯ ನನ್ನ ಗೆಳೆಯನ ಮನೆಯಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಇದ್ದರೆ “ನಾಯಿಗಾದ್ರೂ ಆಗ್ತದ” ಎಂದು ಎತ್ತಿಡುತ್ತಿದ್ದರು. ಆಗುವುದಿಲ್ಲ. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಅದು ಈಲಿಯನ್ನು ಸುಡುತ್ತದೆ. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಇಂಥ ಮೆಕ್ಕೆಜೋಳ ಬೆರೆತ ಪ್ಯಾಕೆಟ್ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತವು. (ಗೆಳೆಯನ ಹರಪನಹಳ್ಳಿ ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆ. ಅವನ ನಾಯಿಗೆ ಈ ಯಾವುದರ ಚಿಂತೆಯೂ ಇಲ್ಲ.)

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೋದ ಮಕ್ಕಳು ಗೊರವಪ್ಪಗಳನ್ನು ನೋಡಿರುತ್ತೀರಿ. ಕೈಯಲ್ಲಿ ಡಮರು, ಮೈಮೇಲೆ ಕರಿಕಂಬಳಿ. ಮೈಲಾರಲಿಂಗನ ನಾಯಿಗಳು ತಾವು ಎಂಬ ಭಾವದಿಂದ ಬೊಗಳುತ್ತ, ದೋಣಿಯಲ್ಲಿ ಹಾಕಿದ ಪ್ರಸಾದಕ್ಕೆ ಬಾಯಿ ಹಾಕಿ ತಿನ್ನುತ್ತಾರೆ. ನಮ್ಮ ಸೀಮೆಯಲ್ಲಿ ನಾಯಿಗೆ ದೇವರ ಸನ್ನಿಧಿಯಲ್ಲೇ ಜಾಗ ಇದೆ. ದೋಣಿ ಸೇವೆ ನೋಡುವಾಗ ಇನ್ನೊಂದನ್ನು ಗಮನಿಸಿ. ಒಬ್ಬರ ಬಾಯಿಗೆ ಇನ್ನೊಬ್ಬರು ಬಂದರೆ ಗುರ್ ಎನ್ನುತ್ತಾರೆ! ನಿಜವಾದ ನಾಯಿಯೂ ಹಾಗೆಯೇ. ತಿನ್ನುವಾಗ ಅದರ ತಟ್ಟೆಗೆ ಕೈ ಹಾಕಬೇಡಿ, ಬೆನ್ನು ಸವರಬೇಡಿ. ಚಿಕ್ಕ ತಮ್ಮ-ತಂಗಿಯರು ಹತ್ತಿರ ಹೋಗದಂತೆ ನೋಡಿಕೊಳ್ಳಿ. ಹಲ್ಲು ತಾಗಿ ಚರ್ಮ ತರಚಿದರೂ ಮನೆಯಲ್ಲಿ ಮುಚ್ಚಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಉಳಿದ ಲಸಿಕೆಗಳ ತಾರೀಖನ್ನು ಡಾಕ್ಟರು ಬರೆದುಕೊಡುತ್ತಾರೆ, ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಮಕ್ಕಳದು.

ಹಗರಿಬೊಮ್ಮನಹಳ್ಳಿಯ ಮಗಳೇ, ಅಜ್ಜಿಗೆ ಒಂದು ಕೆಲಸ ಕೊಡು. ಅವರು ರೊಟ್ಟಿ ಬಡಿಯುವಾಗ ಮರಿಯ ಪಾಲಿಗೆ ಅಂಗೈಯಗಲದ, ಉಪ್ಪಿಲ್ಲದ ಒಂದು ಪುಟ್ಟ ರೊಟ್ಟಿ ಬೇರೆ ಮಾಡಲಿ. ಅದನ್ನು ಚೂರು ಮಾಡಿ ಪ್ಯಾಕೆಟ್ ಆಹಾರದ ಜೊತೆ ಬೆಚ್ಚಗಿನ ನೀರಲ್ಲಿ ನೆನಸಿ ಸ್ವಲ್ಪ ಸ್ವಲ್ಪವೇ ಶುರು ಮಾಡು. ಅಪ್ಪ ಗ್ರಾಂ ತೂಗಲಿ. ನಾಲ್ಕು ಹೊತ್ತಿನಲ್ಲಿ ಒಂದು ಹೊತ್ತು ನೀನು ಶಾಲೆಯಲ್ಲಿರುತ್ತೀಯ, ಆ ಹೊತ್ತು ಅಜ್ಜಿಯದು. ಪ್ರತಿ ಭಾನುವಾರ ಮರಿಯ ತೂಕ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ನನಗೆ ಕಳಿಸು. ಮರಿಗೆ ಏನು ಹೆಸರಿಟ್ಟಿದ್ದೀರಿ ಎಂದು ನೀನು ಬರೆಯಲೇ ಇಲ್ಲ.