ಎತ್ತಿನಹೊಳೆಯ ಲೆಕ್ಕ ಮತ್ತು ಶಾಸನಸಭೆಯ ಹೊಣೆ

ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಅಂದಾಜಿಸಿದ್ದ ವೆಚ್ಚ 8,323.50 ಕೋಟಿ ರೂಪಾಯಿ. 2014ರಲ್ಲಿ ಅದು 12,912.36 ಕೋಟಿಗೂ, 2023ರಲ್ಲಿ 23,251.66 ಕೋಟಿಗೂ ಏರಿತು. ದೊರೆಯಬೇಕಾದ ನೀರು ಮಾತ್ರ ಅದೇ 24.01 ಟಿ.ಎಂ.ಸಿ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆಯಾದಾಗ ಬೇಲೂರು, ಅರಸೀಕೆರೆಗಳನ್ನು ಹಾದುಹೋಗುವ ನಾಲೆ ಪೂರ್ಣಗೊಂಡಿರಲಿಲ್ಲ. ಎತ್ತಿದ ನೀರನ್ನು ಹಳೇಬೀಡಿನ ಕಡೆಯಿಂದ ವೇದಾವತಿ ಕಣಿವೆಗೆ ಹರಿಸಿ ವಾಣಿವಿಲಾಸ ಸಾಗರಕ್ಕೆ ಕಳುಹಿಸಲಾಯಿತು.

ಕಾಮಗಾರಿಯ ಹೊಣೆ ವಿಶ್ವೇಶ್ವರಯ್ಯ ಜಲ ನಿಗಮದ್ದು. ಅದು ಸರ್ಕಾರಿ ಕಂಪನಿಯಾದ್ದರಿಂದ ಮಹಾಲೇಖಪಾಲರ ಪರಿಶೋಧನೆಗೆ ಒಳಪಟ್ಟಿದೆ. ಅಂತಹ ವರದಿಗಳನ್ನು ಪರಿಶೀಲಿಸಲು ವಿಧಾನಮಂಡಲದ ಸಾರ್ವಜನಿಕ ಉದ್ಯಮಗಳ ಸಮಿತಿಯಿದೆ. ವ್ಯವಸ್ಥೆ ಒಳ್ಳೆಯದೇ. ಆದರೆ ಹಣ ವ್ಯಯವಾಗಿ ವರ್ಷಗಳು ಕಳೆದ ಮೇಲೆ ಪ್ರಶ್ನೆ ಬಂದಾಗ, ಉತ್ತರಿಸಬೇಕಾದ ಅಧಿಕಾರಿ ಅದೇ ಹುದ್ದೆಯಲ್ಲಿರುವುದು ಅಪರೂಪ.

ಅರಸೀಕೆರೆಯ ಕೊಬ್ಬರಿ ವರ್ತಕ ಸಾಲದ ಮಿತಿ ಹೆಚ್ಚಿಸಿರೆಂದರೆ ಬ್ಯಾಂಕು ಮೊದಲು ದಾಸ್ತಾನಿನ ಪಟ್ಟಿ ಕೇಳುತ್ತದೆ. ಸಾವಿರಾರು ಕೋಟಿಯ ಪರಿಷ್ಕರಣೆಗೆ ಅಷ್ಟಾದರೂ ಬೇಡವೇ? ಭೂಸ್ವಾಧೀನ, ಅರಣ್ಯ ಅನುಮತಿಯ ವಿಳಂಬ, ಗುತ್ತಿಗೆ ದರ, ಇವುಗಳಲ್ಲಿ ಯಾವುದರಿಂದ ಎಷ್ಟು ಏರಿತೆಂಬ ವಿವರವನ್ನು ಸಂಪುಟದ ಒಪ್ಪಿಗೆಗೆ ಮುನ್ನವೇ ಸಮಿತಿಯ ಮುಂದಿರಿಸುವುದು ಕಡ್ಡಾಯವಾಗಲಿ. ಸಮಿತಿಯು ಬೇಲೂರಿಗೂ ಬಂದು, ಜಮೀನು ಬಿಟ್ಟುಕೊಟ್ಟ ರೈತರ ಪರಿಹಾರದ ಕಡತಗಳನ್ನು ಅಲ್ಲಿಯೇ ತೆರೆಸಿ ನೋಡಲಿ.