ಮನವಿ ಪತ್ರ: ಅಪೂರ್ಣ ವಿಕಾಸವೃಕ್ಷದ ನೆಪದಲ್ಲಿ ಪ್ರಭೇದಗಳನ್ನು ಪಟ್ಟಿಯಿಂದ ಬಿಡದಿರುವ ಬಗ್ಗೆ

ಗೆ,
ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ಜೀವವೈವಿಧ್ಯ ಮಂಡಳಿ, ಬೆಂಗಳೂರು.

ವಿಷಯ: ಜೀವವೈವಿಧ್ಯ ಕಾಯ್ದೆ, 2002ರ ಕಲಂ 38ರ ಅಡಿ ಶಿಫಾರಸು ಮಾಡುವ ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ವಿಕಾಸವೃಕ್ಷದ ಮಾಹಿತಿಯನ್ನೂ ಪರಿಗಣಿಸಲು ಕೋರಿಕೆ.

ಮಾನ್ಯರೇ,

ಮಲೆನಾಡಿನ ಹಳ್ಳ-ತೊರೆಗಳ ಬದಿಯಲ್ಲಿ ಬದುಕುವ ಕೃಷಿಕರು, ಶಿಕ್ಷಕರು ಮತ್ತು ಕಪ್ಪೆ ವೀಕ್ಷಕರಾದ ನಾವು ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಕೊಟ್ಟಿಗೆಹಾರದ ಕುಣಿಯುವ ಕಪ್ಪೆಯನ್ನು ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲೇ ವಿಜ್ಞಾನಕ್ಕೆ ಪರಿಚಯಿಸಿದರು. ಒದ್ದೆ ಬಂಡೆಯ ಮೇಲೆ ಕುಳಿತ ಗಂಡು ಹಿಂಗಾಲನ್ನು ನೀಳವಾಗಿ ಚಾಚಿ, ಬೆರಳು ಬಿಡಿಸಿ ಬೀಸುತ್ತದೆ. ಇದು ಸೇರಿದ ಇಡೀ ಕುಟುಂಬವೇ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 2014ರಲ್ಲಿ ಆ ಕುಟುಂಬಕ್ಕೆ ಒಂದೇ ಸಲಕ್ಕೆ 14 ಹೊಸ ಪ್ರಭೇದಗಳು ಸೇರಿದವು.

ನಮ್ಮ ಆತಂಕ ಇರುವುದು ಇಲ್ಲಿಯೇ. ಲಂಡನ್ನಿನ ಪ್ರಾಣಿಶಾಸ್ತ್ರ ಸಂಸ್ಥೆ 2007ರಲ್ಲಿ ಆರಂಭಿಸಿದ ‘ಎಡ್ಜ್’ ಪದ್ಧತಿ, ಜೀವಿಗಳ ಬಂಧುತ್ವ ತೋರಿಸುವ ವಿಕಾಸವೃಕ್ಷದಲ್ಲಿ ಒಂದು ಪ್ರಭೇದ ಎಷ್ಟು ಒಂಟಿ ಮತ್ತು ಅದರ ಅಳಿವಿನ ಅಪಾಯ ಎಷ್ಟು ಎಂಬುದನ್ನು ಕೂಡಿಸಿ ಅಂಕ ಕೊಡುತ್ತದೆ. ಒಂದೇ ಕೊಂಬೆಗೆ ಬಂಧುಗಳು ಹೆಚ್ಚಿದಷ್ಟೂ ಒಂದೊಂದರ ಪಾಲು ಕಡಿಮೆ. ಹೊಸ ಪ್ರಭೇದ ಪತ್ತೆಯಾದ ಕೂಡಲೇ ಹಳೆಯದರ ಅಂಕ ಇಳಿಯುತ್ತದೆ, ತೊರೆಯಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಇಡೀ ಕುಟುಂಬದ ಪ್ರಾಚೀನ ಕೊಂಬೆ ಮೊದಲಿನಷ್ಟೇ ಉದ್ದವಾಗಿರುತ್ತದೆ. 2023ರಲ್ಲಿ ಪರಿಷ್ಕೃತಗೊಂಡ ಪದ್ಧತಿ ಬಂಧುಗಳಿಗಿರುವ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಡಿಎನ್‌ಎ ಲಭ್ಯವಿಲ್ಲದ ಪ್ರಭೇದವನ್ನು ಅದರ ಕುಲದೊಳಗೆ ಬೇರೆಬೇರೆ ಜಾಗಗಳಲ್ಲಿಟ್ಟು ಹಲವು ವೃಕ್ಷಗಳನ್ನು ರಚಿಸಿ, ಅಂಕ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂದು ಹೇಳಲೂ ಈಗ ಸಾಧ್ಯ.

ಆದ್ದರಿಂದ, ಮಂಡಳಿಯು ಒಂದೇ ಅಂಕವನ್ನು ನೆಚ್ಚದೆ ಅಂಕದ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಪ್ರಕಟಿಸಬೇಕು. ಕನಿಷ್ಠ ಅಂಕದಲ್ಲೂ ಮೇಲಿನ ಸಾಲಿನಲ್ಲೇ ಉಳಿಯುವ ಪ್ರಭೇದಗಳ ಬಗ್ಗೆ ತಡವಿಲ್ಲದೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಹೊಸ ಬಂಧು ಸಿಕ್ಕಿತೆಂಬ ಒಂದೇ ಕಾರಣಕ್ಕೆ ಯಾವುದೇ ಪ್ರಭೇದವನ್ನು ಪಟ್ಟಿಯಲ್ಲಿ ಕೆಳಗಿಳಿಸಬಾರದು. ಘಟ್ಟಕ್ಕಷ್ಟೇ ಸೀಮಿತವಾದ ಕುಟುಂಬಗಳನ್ನು ಒಟ್ಟಾಗಿ ಪರಿಗಣಿಸಬೇಕು.

ಡಿಎನ್‌ಎ ಮಾಹಿತಿ ಇಲ್ಲವೆಂದು ಯಾವ ಪ್ರಭೇದವನ್ನೂ ಕೈಬಿಡಬಾರದು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಮುಂಗಾಲಿನಿಂದ ಕೆಸರೆತ್ತಿ ಮೊಟ್ಟೆಗಳಿಗೆ ಮೆತ್ತುವ ಕುಂಬಾರ ಕಪ್ಪೆಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ 2014ರಲ್ಲಿ. ಹೆಸರಿಲ್ಲದ ಕಾಲದಲ್ಲಿ ಆ ತೊರೆ ಬತ್ತಿದ್ದರೆ ಕೇಳುವವರೇ ಇರುತ್ತಿರಲಿಲ್ಲ. ವೃಕ್ಷ ಪೂರ್ತಿಯಾದ ಮೇಲೆ ನೋಡೋಣ ಎಂದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಅಂಗಾಂಶ ಮಾದರಿ ಸಂಗ್ರಹಕ್ಕೆ ಸಂಶೋಧಕರು ಸಲ್ಲಿಸುವ ಅರ್ಜಿಗಳನ್ನು ಅರಣ್ಯ ಇಲಾಖೆಯೊಂದಿಗೆ ಸಮಾಲೋಚಿಸಿ ನಿಗದಿತ ಅವಧಿಯಲ್ಲಿ ವಿಲೇವಾರಿ ಮಾಡಬೇಕು. ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ದಾಖಲಾತಿಯಲ್ಲಿ ಕಪ್ಪೆಗಳಿಗೂ ಪುಟ ಮೀಸಲಿಡಬೇಕು.

ಈ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ಮುಂಗಾರಿಗೆ ಮುನ್ನ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.


ತಮ್ಮ ವಿಶ್ವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)