ಚಿಲ್ಲರೆ ವರ್ತಕನ ಹೆಗಲ ಮೇಲೆ ಬಂದೂಕು

2020ರ ಡಿಸೆಂಬರಿನಲ್ಲಿ ಅಮೆರಿಕದ ದೊಡ್ಡ ದಿನಪತ್ರಿಕೆಗಳಲ್ಲಿ ಫೇಸ್‌ಬುಕ್ ಕಂಪನಿ ಪುಟ ತುಂಬ ಜಾಹೀರಾತು ಕೊಟ್ಟಿತು. ಲೋಕದ ಸಣ್ಣ ವ್ಯಾಪಾರಿಗಳ ಪರವಾಗಿ ತಾನು ಎದೆಗೊಟ್ಟು ನಿಂತಿರುವುದಾಗಿ ಅದರಲ್ಲಿ ಸಾರಿತ್ತು. ಯಾರ ವಿರುದ್ಧ? ಆ್ಯಪಲ್ ಕಂಪನಿಯ ವಿರುದ್ಧ. ಆ್ಯಪಲ್ ಮಾಡಿದ ಮಹಾಪರಾಧವೇನೆಂದರೆ, ಗಿರಾಕಿಯ ಬೆನ್ನು ಹತ್ತುವ ಮುನ್ನ ಫೋನಿನ ಒಡೆಯನ ಅಪ್ಪಣೆ ಕೇಳಬೇಕೆಂಬ ನಿಯಮ ತರಲು ಹೊರಟದ್ದು. 2021ರ ಏಪ್ರಿಲಿನಲ್ಲಿ ನಿಯಮ ಜಾರಿಗೆ ಬಂತು. ಮರುವರ್ಷ ಫೇಸ್‌ಬುಕ್ಕಿನ ಧಣಿಗಳೇ, ಇದರಿಂದ 2022ರಲ್ಲಿ ತಮಗೆ ಸುಮಾರು 1,000 ಕೋಟಿ ಡಾಲರ್ ಖೋತಾ ಎಂದು ಲೆಕ್ಕ ಒಪ್ಪಿಸಿದರು.

ಬಂಧುಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅಪ್ಪಣೆ ಕೇಳಿದ ಮಾತ್ರಕ್ಕೆ ಸಾವಿರ ಕೋಟಿ ಡಾಲರ್ ಮುಳುಗುವ ವ್ಯಾಪಾರ ಎಂಥದ್ದು? (ಆ್ಯಪಲ್ಲೇನೂ ಧರ್ಮರಾಯನಲ್ಲ. ಆ ನಿಯಮವನ್ನು ಜಾರಿಗೆ ತಂದ ರೀತಿಗಾಗಿ 2025ರ ಮಾರ್ಚಿನಲ್ಲಿ ಫ್ರಾನ್ಸಿನವರು ಅದಕ್ಕೆ 15 ಕೋಟಿ ಯೂರೋ ದಂಡ ಹಾಕಿದ್ದಾರೆ. ಕೋಣಗಳ ಕಾದಾಟದಲ್ಲಿ ಗಿಡದ ಗತಿ ನಮ್ಮದು.)

ಮೊನ್ನೆ ಪೇಟೆಯಲ್ಲಿ ಕಿರಾಣಿ ಸಾಹುಕಾರರೊಬ್ಬರು ನನ್ನನ್ನು ತಡೆದು, "ಇದರಲ್ಲಿ ತಪ್ಪೇನು ಮೇಷ್ಟ್ರೇ? ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ, ಯಾವ ಬೇಳೆ ಎಂದು ನನಗೆ ಗೊತ್ತಿಲ್ಲವೇ? ಅವರಿಗೂ ಗೊತ್ತಿರಲಿ ಬಿಡಿ" ಎಂದರು. ಗೊತ್ತು ಸಾಹುಕಾರರೇ. ನಿಮ್ಮ ಉದ್ರಿ ಪುಸ್ತಕದಲ್ಲಿ ನನ್ನ ಬಾಕಿಯೂ ಇದೆ. ಆದರೆ ಆ ಪುಸ್ತಕ ನಿಮ್ಮ ಗಲ್ಲಾಪೆಟ್ಟಿಗೆಯನ್ನು ದಾಟಿ ಹೋಗಿಲ್ಲ. ನಾನು ಔಷಧಿ ಅಂಗಡಿಯಲ್ಲಿ ಏನು ಕೊಂಡೆ, ಯಾರ ಬಳಿ ಸಾಲ ಕೇಳಿದೆ, ರಾತ್ರಿ ಹತ್ತಕ್ಕೆ ಎಲ್ಲಿದ್ದೆ ಎಂದು ತಿಳಿಯಲು ನೀವು ನನ್ನ ಹಿಂದೆ ಆಳು ಬಿಟ್ಟಿಲ್ಲ. ನೀವು ನನ್ನನ್ನು ಬಲ್ಲಿರಿ, ನಾನು ನಿಮ್ಮನ್ನು ಬಲ್ಲೆ. ಅವರನ್ನು ಬಲ್ಲವರು ನಮ್ಮಲ್ಲಿ ಯಾರು?

ನೀವು ಫೋನಿನಲ್ಲಿ ಒಂದು ಸುದ್ದಿ ತೆರೆಯುತ್ತೀರಿ. ಪುಟ ಮೂಡುವ ಮುನ್ನವೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಒಂದು ಹರಾಜು ನಡೆದುಹೋಗಿರುತ್ತದೆ. ಎ.ಪಿ.ಎಂ.ಸಿ. ಹರಾಜಿನಲ್ಲಿ ಮೆಕ್ಕೆಜೋಳದ ರಾಶಿ ಎದುರಿಗಿರುತ್ತದೆ. ಇಲ್ಲಿ ರಾಶಿ ನೀವೇ. ನೀವು ಯಾವ ಊರಿನವರು, ಯಾವ ಫೋನಿನವರು, ಏನು ಓದುವವರು ಎಂಬ ವಿವರ ಸವಾಲು ಕೂಗುವವರಿಗೆಲ್ಲ ಹೋಗುತ್ತದೆ. ಗೆದ್ದವನು ಜಾಹೀರಾತು ತೋರಿಸುತ್ತಾನೆ, ಸೋತವರ ಕೈಗೂ ವಿವರ ಸಿಕ್ಕಿರುತ್ತದೆ. ರೈತನಿಗೆ ಕಾಳಿನ ದುಡ್ಡಾದರೂ ಬರುತ್ತದೆ. ನಿಮಗೆ?

ಸಣ್ಣ ವ್ಯಾಪಾರಿಗೆ ಲಾಭವೇ ಇಲ್ಲವೆಂದರೆ ಅದು ಸುಳ್ಳಾದೀತು. ಮನೆಯಲ್ಲಿ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಹೆಣ್ಣುಮಗಳು ಕೆಲವು ನೂರು ರೂಪಾಯಿ ಖರ್ಚಿನಲ್ಲಿ ದೂರದ ಗಿರಾಕಿಯನ್ನು ಕಂಡುಕೊಂಡದ್ದುಂಟು. ಆದರೆ ಹರಾಜು ಹರಾಜೇ. ನಾಳೆ ಅದೇ ಗಿರಾಕಿಯ ಮೇಲೆ ದೊಡ್ಡ ಕಂಪನಿ ಹೆಚ್ಚಿಗೆ ಕೂಗಿದರೆ ಅವಳು ಹೊರಗೆ. ಗಿರಾಕಿಯ ಗುರುತು ದಲ್ಲಾಳಿಯ ಕೈಯಲ್ಲೇ ಇರುವುದರಿಂದ ಪ್ರತಿ ಸಾರಿಯೂ ಅವನಿಗೆ ತೆರಬೇಕು. ಮೆಟಾ ಎಂದು ಹೆಸರು ಬದಲಿಸಿಕೊಂಡ ಆ ದಲ್ಲಾಳಿಯ 2023ರ ಆದಾಯ 13,490 ಕೋಟಿ ಡಾಲರ್. ಅದರಲ್ಲಿ 100ಕ್ಕೆ 97 ಪಾಲಿಗೂ ಮೇಲೆ ಜಾಹೀರಾತಿನದೇ. ಸಿನಿಮಾ ಟಾಕೀಸಿನಲ್ಲಿ ಮಧ್ಯಂತರಕ್ಕೆ ಸ್ಲೈಡು ಹಾಕಿಸಿ ಅಂಗಡಿ ಬೆಳೆಸಿದವರು ನಮ್ಮೂರಲ್ಲಿ ಇರಲಿಲ್ಲವೇ? ನೋಡಿದವರ ಹೆಸರು ಬರೆದುಕೊಳ್ಳಲು ಕತ್ತಲಲ್ಲಿ ಯಾರೂ ಕುಳಿತಿರಲಿಲ್ಲ. ಬೇಸಾಯದ ಸುದ್ದಿಯ ಪಕ್ಕದಲ್ಲಿ ಪಂಪ್‌ಸೆಟ್ಟಿನ ಜಾಹೀರಾತು ಹಾಕಲು ಓದುವವನ ಜಾತಕ ಬೇಕಿಲ್ಲ.

"ನೀವೇ ಒಪ್ಪಿದ್ದೀರಲ್ಲ" ಎಂಬುದು ಅವರ ಬ್ರಹ್ಮಾಸ್ತ್ರ. 2021ರಲ್ಲಿ ವಾಟ್ಸಾಪು ಹೊಸ ಷರತ್ತು ಮುಂದಿಟ್ಟು, ಒಪ್ಪಿದರೆ ಸರಿ, ಇಲ್ಲದಿದ್ದರೆ ನಿಮ್ಮ ದಾರಿ ನಿಮಗೆ ಎಂದಿತು. ಗಿರಣಿಯ ಗೇಟಿನಲ್ಲಿ "ಈ ಕೂಲಿಗೆ ಬರುವುದಾದರೆ ಬಾ" ಎನ್ನುವ ಮಾತು ಕಾರ್ಮಿಕರಿಗೆ ಹೊಸದಲ್ಲ. ಅದಕ್ಕೆ ಒಪ್ಪಿಗೆಯೆಂದು ಹೆಸರಿಟ್ಟವರು ಮಾಲೀಕರು ಮಾತ್ರ. 2024ರ ನವೆಂಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಈ ಜುಲುಮೆಗೆ ₹213.14 ಕೋಟಿ ದಂಡ ವಿಧಿಸಿತು. ದೊಡ್ಡ ಮೊತ್ತವೆನ್ನಿಸಿತೇ? 2023ರ ಆದಾಯದ ಲೆಕ್ಕದಲ್ಲಿ ಅದು ಮೆಟಾದ ಎರಡು ಗಂಟೆಯ ಗಳಿಕೆಗಿಂತ ಕಡಿಮೆ. ಜಾಹೀರಾತಿಗಾಗಿ ವಿವರ ಹಂಚಿಕೊಳ್ಳಕೂಡದೆಂದು ಆಯೋಗ ಐದು ವರ್ಷದ ನಿಷೇಧವನ್ನೂ ಹಾಕಿತ್ತು. 2025ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ ನಿಷೇಧವನ್ನು ಕೈಬಿಟ್ಟಿತು.

ಖಾಸಗಿತನವೆಂಬುದು ಉಳ್ಳವರ ಚಪಲ ಎನ್ನುವವರು ಪಕ್ಷದೊಳಗೂ ಇದ್ದಾರೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಅದನ್ನು ಮೂಲಭೂತ ಹಕ್ಕೆಂದರು. ಇಳಿವಯಸ್ಸಿನಲ್ಲಿ ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಹದಿನೆಂಟು ತುಂಬದವರ ಮೇಲೆ ಗುರಿಯಿಟ್ಟು ಜಾಹೀರಾತು ಬಿಡಕೂಡದೆಂದು ಕೇಂದ್ರದ 2023ರ ಕಾಯಿದೆ ಹೇಳುತ್ತದೆ. ಸಂತೋಷ. ಹದಿನೆಂಟು ತುಂಬಿದ ಮರುದಿನ ಅದೇ ವಿಷ ಪಾಯಸವಾಗುವುದು ಹೇಗೆ? ತನಗೆ ಬೇಕಾದ ಇಲಾಖೆಗಳಿಗೆ ವಿನಾಯಿತಿ ಕೊಡುವ ಬಾಗಿಲನ್ನು ಸರ್ಕಾರ ಆ ಕಾಯಿದೆಯಲ್ಲೇ ತೆರೆದಿಟ್ಟುಕೊಂಡಿದೆ, ಅದರ ನೆಪದಲ್ಲಿ ಮಾಹಿತಿ ಹಕ್ಕಿನ ಕಾಯಿದೆಯನ್ನೂ ಮೊಟಕು ಮಾಡಿದೆ. ಅಧಿಕಾರಿಯ ಗುಟ್ಟು ಗುಟ್ಟು, ನಮ್ಮ ಗುಟ್ಟು ಸರಕು!

ಹಿಂಬಾಲಿಸುವ ಏರ್ಪಾಡು ಎಲ್ಲ ಫೋನಿನಲ್ಲೂ ಮೊದಲೇ ಮುಚ್ಚಿರಬೇಕು, ಬೇಕಾದವರು ತೆರೆದುಕೊಳ್ಳಲಿ. ಬೇಡವೆಂದವರಿಗೆ ಸೇವೆ ನಿಲ್ಲಿಸಕೂಡದು. ಈ ಬೇಡಿಕೆಗೆ ಕಾರ್ಮಿಕ ಸಂಘಕ್ಕಿಂತ ಮೊದಲು ವರ್ತಕರ ಸಂಘ ಸಹಿ ಹಾಕಬೇಕು, ಏಕೆಂದರೆ ಬಂದೂಕು ಇಟ್ಟಿರುವುದು ಅವರ ಹೆಗಲ ಮೇಲೆ. ಅಲ್ಲಿಯವರೆಗೆ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಪ್ರೈವಸಿ, ಅದರೊಳಗೆ ಆ್ಯಡ್ಸ್ ಎಂಬಲ್ಲಿ ಹೋಗಿ ಜಾಹೀರಾತಿನ ಗುರುತು ಸಂಖ್ಯೆಯನ್ನು ಅಳಿಸಿರಿ. ಇದರಿಂದ ಎಲ್ಲ ಕಣ್ಣೂ ಮುಚ್ಚುವುದಿಲ್ಲ, ಒಂದು ಮುಚ್ಚುತ್ತದೆ. ಭಾನುವಾರ ಬೆಳಿಗ್ಗೆ ಪಕ್ಷದ ಕಚೇರಿಗೆ ಫೋನು ತನ್ನಿ, ನಾವೇ ಮಾಡಿಕೊಡುತ್ತೇವೆ.